ಹಳೆಯ ಕಾರ್ ಸ್ಟೀರಿಯೊಗೆ ಆಕ್ಸ್ ಬಂದ ದಾರಿ

ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಕಾರಿನಲ್ಲಿ ಕಂಪನಿಯವರೇ ಕೂರಿಸಿ ಕೊಟ್ಟ ಸ್ಟೀರಿಯೊ ಇವತ್ತಿಗೂ ಚೆನ್ನಾಗಿ ಹಾಡುವುದುಂಟು. ಆಂಪ್ಲಿಫೈಯರ್ ಗಟ್ಟಿಮುಟ್ಟಾಗಿರುತ್ತದೆ, ಬಟನ್ನುಗಳು ಕೈಗೆ ಪಳಗಿರುತ್ತವೆ, ಸ್ಪೀಕರ್ ಹಾಳಾಗಿದ್ದರೆ ಬೇರೆ ಹಾಕಿಸಬಹುದು. ಕೊರತೆ ಒಂದೇ: ಫೋನಿನಲ್ಲಿರುವ ಹಾಡು ಒಳಗೆ ಹೋಗಲು ದಾರಿಯಿಲ್ಲ. ರೇಡಿಯೊ, ಕ್ಯಾಸೆಟ್, ಸಿಡಿ ಇಷ್ಟನ್ನೇ ಅದು ಬಲ್ಲದು. ಹೊರಗಿನ ಧ್ವನಿ ಒಳಹೋಗುವ ಆಕ್ಸ್ ಎಂಬ ದಾರಿ ಮಾಡಿಕೊಡಲು ತಂತ್ರಜ್ಞರೂ ರಿಪೇರಿಯವರೂ ಹವ್ಯಾಸಿಗಳೂ ಹಲವು ದಶಕ ಹೆಣಗಿದ್ದಾರೆ. ಆ ಹೆಣಗಾಟವನ್ನು ಮೊದಲಿನಿಂದ ನೋಡುತ್ತ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಂಪರ್ಕ ಎಷ್ಟು ಜಾಣತನದ್ದೋ ಅಷ್ಟು ಬೇಗ ಹಳತಾಯಿತು. ಎಡ, ಬಲ, ಅರ್ಥ್ ಎಂಬ ಮೂರು ತಂತಿಗಳ ಸಂಪರ್ಕ ಮಾತ್ರ ಹಳತಾಗಲೇ ಇಲ್ಲ.

ಅಮೆರಿಕದ ಗಾಲ್ವಿನ್ ಕಂಪನಿ 1930ರಲ್ಲಿ ಮೋಟೊರೋಲಾ ಹೆಸರಿನ ಕಾರ್ ರೇಡಿಯೊ ತಂದಾಗ ಹೊರಗಿನ ಧ್ವನಿಯ ಪ್ರಶ್ನೆಯೇ ಇರಲಿಲ್ಲ. ಆ ಪ್ರಶ್ನೆ ಬಂದದ್ದು ಕ್ರೈಸ್ಲರ್ ಕಂಪನಿ ತನ್ನ 1956ರ ಮಾದರಿಗಳಲ್ಲಿ ‘ಹೈವೇ ಹೈ-ಫೈ’ ಎಂಬ ಗ್ರಾಮಫೋನನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದಾಗ. ಸಿಬಿಎಸ್‌ನ ಪೀಟರ್ ಗೋಲ್ಡ್‌ಮಾರ್ಕ್ ರೂಪಿಸಿದ ಆ ಯಂತ್ರದಲ್ಲಿ ತಟ್ಟೆ ನಿಮಿಷಕ್ಕೆ 16⅔ ಸುತ್ತು ತಿರುಗುತ್ತಿತ್ತು. ಅದಕ್ಕೆ ಸ್ವಂತ ಸ್ಪೀಕರ್ ಇರಲಿಲ್ಲ, ಕಾರಿನ ರೇಡಿಯೊದ ಮೂಲಕವೇ ಹಾಡುತ್ತಿತ್ತು. ಆ ಗ್ರಾಮಫೋನ್ ಹೆಚ್ಚು ದಿನ ಬಾಳಲಿಲ್ಲ. ಆದರೂ ರೇಡಿಯೊ ಅಂದರೆ ಅಲೆ ಹಿಡಿಯುವ ಭಾಗ ಒಂದು, ಧ್ವನಿ ಹಿಗ್ಗಿಸುವ ಭಾಗ ಇನ್ನೊಂದು, ಇವೆರಡರ ನಡುವೆ ಬೇರೊಂದು ಮೂಲವನ್ನು ತಂದು ಸೇರಿಸಬಹುದು ಎಂಬುದು ಅಲ್ಲಿಗೇ ಸ್ಪಷ್ಟವಾಗಿತ್ತು.

ಜರ್ಮನರು ಇದನ್ನು ಬೇಗ ಗ್ರಹಿಸಿದರು. ಬೆಕರ್, ಬ್ಲೌಪುಂಕ್ಟ್ ಕಂಪನಿಗಳು 1960 ಮತ್ತು 70ರ ದಶಕಗಳ ಹಲವು ರೇಡಿಯೊಗಳ ಹಿಂಬದಿಯಲ್ಲಿ ಟೇಪ್ ಪ್ಲೇಯರ್ ಜೋಡಿಸಲೆಂದು ದುಂಡನೆಯ ಡಿನ್ ಸಾಕೆಟ್ ಕೊಟ್ಟವು. ಆ ಕಾಲದ ರೇಡಿಯೊ ಇರುವ ಮರ್ಸಿಡಿಸ್ ಕಾರನ್ನು ಈಗ ಸಾಕುತ್ತಿರುವವರು ಎಷ್ಟೋ ಸಲ ಏನನ್ನೂ ಬಿಚ್ಚಬೇಕಿಲ್ಲ. ಸರಿಯಾದ ಪಿನ್ನಿನ ಒಂದು ಕೇಬಲ್ ಸಾಕು. ಬೇರೆ ಕಂಪನಿಗಳೂ ಈ ಹಾದಿಯನ್ನೇ ಹಿಡಿದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಅಮೆರಿಕದಲ್ಲಿ ನಡೆದದ್ದು ಬೇರೆ. ಅಲ್ಲಿನ ಕಾರುಗಳಲ್ಲಿ ಬಹುಪಾಲು ಎಎಂ ರೇಡಿಯೊ ಮಾತ್ರವಿತ್ತು. ಎಫ್‌ಎಂ ಕೇಳಬೇಕೆನ್ನುವವರಿಗೆ ‘ಎಫ್‌ಎಂ ಕನ್ವರ್ಟರ್’ ಎಂಬ ಪುಟ್ಟ ಪೆಟ್ಟಿಗೆ ಬಂತು. ಅದು ಎಫ್‌ಎಂ ಹಿಡಿದು ಎಎಂ ಅಲೆಯಾಗಿ ಮಾರ್ಪಡಿಸಿ ಆ್ಯಂಟೆನಾ ತಂತಿಯ ಮೂಲಕವೇ ರೇಡಿಯೊಗೆ ಕೊಡುತ್ತಿತ್ತು. ಸೆಟ್ಟನ್ನು ಮುಟ್ಟದೆ ಆ್ಯಂಟೆನಾದ ಕಡೆಯಿಂದ ಒಳಹೊಗುವ ಈ ಉಪಾಯವೇ ಮುಂದೆ ಎಫ್‌ಎಂ ಮಾಡ್ಯುಲೇಟರ್ ಆಯಿತು. ಆಪಲ್ ಕಂಪನಿಯ ಐಪಾಡ್ 2001ರಲ್ಲಿ ಬಂದ ಮೇಲೆ ತಂತಿಯೂ ಬೇಡದೆ ಹಾಡನ್ನು ಖಾಲಿ ಅಲೆಯೊಂದರಲ್ಲಿ ರೇಡಿಯೊಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್‌ಗಳು ಅಂಗಡಿ ತುಂಬಿದವು. ಬ್ರಿಟನ್‌ನಲ್ಲಿ ಇವುಗಳ ಬಳಕೆ 2006ರ ಡಿಸೆಂಬರ್‌ವರೆಗೂ ಕಾನೂನುಬಾಹಿರವಾಗಿತ್ತು.

ಟ್ರಾನ್ಸ್‌ಮಿಟರ್ ಬಗ್ಗೆ ನನಗೆ ಎಂದೂ ಒಲವಿಲ್ಲ. ಎಫ್‌ಎಂ ಪ್ರಸಾರದಲ್ಲಿ ಧ್ವನಿಗೆ ದೊರೆಯುವ ಹರವು 15 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ, ಅದಾದರೂ ಸಹಿಸಬಹುದು. ಜಾಗವಿಲ್ಲದ್ದೇ ದೊಡ್ಡ ಕಷ್ಟ. ಬೆಂಗಳೂರಿನಲ್ಲಿ 2001ರಲ್ಲಿ ಖಾಸಗಿ ಎಫ್‌ಎಂ ಶುರುವಾದಾಗ ಬ್ಯಾಂಡ್ ಬಹುತೇಕ ಬಯಲಾಗಿತ್ತು. ಈಗ 91.1, 92.7, 93.5, 94.3, 98.3, 101.3, 102.9, 104 ಎಂದು ಕೇಂದ್ರಗಳು ಒತ್ತಾಗಿ ಕೂತಿವೆ. ನಡುವೆ ಒಂದು ಖಾಲಿ ಜಾಗ ಹಿಡಿದು ಹೊರಟರೂ ಊರು ದಾಟಿದಂತೆ ಲೆಕ್ಕ ತಪ್ಪುತ್ತದೆ: 100.6ಕ್ಕೆ ಇಟ್ಟುಕೊಂಡಿದ್ದರೆ ಮೈಸೂರು ಹತ್ತಿರವಾಗುತ್ತಲೇ ಆಕಾಶವಾಣಿ ಬಂದು ಹಾಡಿನ ಮೇಲೆ ಕೂರುತ್ತದೆ.

ಕ್ಯಾಸೆಟ್ ಅಡಾಪ್ಟರ್ ಇದಕ್ಕಿಂತ ಎಷ್ಟೋ ಮೇಲು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಕಾಂಪ್ಯಾಕ್ಟ್ ಕ್ಯಾಸೆಟ್ 80ರ ದಶಕದ ಹೊತ್ತಿಗೆ ಕಾರುಗಳಲ್ಲಿ ಸಾಮಾನ್ಯವಾಗಿತ್ತು. ಸೋನಿಯ ಡಿಸ್ಕ್‌ಮ್ಯಾನ್ 1984ರಲ್ಲಿ ಬಂದು ಜನರ ಕೈಯಲ್ಲಿ ಸಿಡಿ ಓಡಾಡತೊಡಗಿತು, ಕಾರಿನಲ್ಲಿದ್ದದ್ದು ಮಾತ್ರ ಕ್ಯಾಸೆಟ್ ಪ್ಲೇಯರ್. ಅಮೆರಿಕದ ಎಂಜಿನಿಯರ್ ಲ್ಯಾರಿ ಶಾಟ್ಜ್ ಕ್ಯಾಸೆಟ್ ಅಡಾಪ್ಟರಿಗೆ ಪೇಟೆಂಟ್ ಪಡೆದದ್ದು 1988ರಲ್ಲಿ. ಅದರ ವಿನ್ಯಾಸ ನನಗೆ ಇಂದಿಗೂ ಮೆಚ್ಚಿಗೆ. ಕ್ಯಾಸೆಟ್ ಆಕಾರದ ಡಬ್ಬಿಯಲ್ಲಿ ಟೇಪ್ ಇರುವುದಿಲ್ಲ, ಒಂದು ಮ್ಯಾಗ್ನೆಟಿಕ್ ಹೆಡ್ ಇರುತ್ತದೆ. ಫೋನಿನಿಂದ ಬಂದ ವಿದ್ಯುತ್ ಸಂಕೇತವನ್ನು ಆ ಹೆಡ್ ಕಾಂತಕ್ಷೇತ್ರವಾಗಿಸುತ್ತದೆ, ಎದುರಿಗೆ ಒತ್ತಿಕೊಂಡಿರುವ ಪ್ಲೇಯರಿನ ಹೆಡ್ ಅದನ್ನೇ ಟೇಪ್ ಎಂದು ಓದಿಕೊಳ್ಳುತ್ತದೆ. ಸ್ಟೀರಿಯೊ ಬಿಚ್ಚಬೇಕಿಲ್ಲ, ಬೆಸುಗೆಯಿಲ್ಲ, ಬೇಡವಾದರೆ ಎಳೆದು ತೆಗೆದರಾಯಿತು. ಸುರುಳಿ ತಿರುಗುತ್ತಿಲ್ಲವೆಂದು ಕೆಲವು ಆಟೊ-ರಿವರ್ಸ್ ಪ್ಲೇಯರ್‌ಗಳು ಅದನ್ನು ಹೊರದಬ್ಬುತ್ತವೆ. ಒಳಗೆ ಹಲ್ಲಿನ ಚಕ್ರಗಳನ್ನಿಟ್ಟ ಅಡಾಪ್ಟರ್ ಕೊಂಡರೆ ಆ ತೊಂದರೆ ಬಹಳಷ್ಟು ತಪ್ಪುತ್ತದೆ. ಡಾಲ್ಬಿ ಬಟನ್ ಆಫ್ ಮಾಡಿಡುವುದನ್ನು ಮರೆಯಬಾರದು, ಇಲ್ಲವಾದರೆ ದನಿ ಮಂಕಾಗುತ್ತದೆ. ಅಮೆರಿಕದಲ್ಲಿ ಕ್ಯಾಸೆಟ್ ಪ್ಲೇಯರ್‌ನೊಂದಿಗೆ ಬಂದ ಕೊನೆಯ ಹೊಸ ಕಾರು 2010ರ ಲೆಕ್ಸಸ್ ಎಸ್‌ಸಿ 430 ಎನ್ನುತ್ತಾರೆ.

ತೊಂಬತ್ತರ ದಶಕದಲ್ಲಿ ಹಲವು ಸಿಡಿ ಹಿಡಿದು ಡಿಕ್ಕಿಯಲ್ಲಿ ಕೂರುವ ಸಿಡಿ ಚೇಂಜರ್ ಹರಡಿದಾಗ ಕಂಪನಿಗಳ ಸ್ಟೀರಿಯೊ ಹಿಂದೆ ನಿಜವಾದ ಲೈನ್ ಇನ್‌ಪುಟ್ ಮತ್ತೆ ಕಾಣಿಸಿಕೊಂಡಿತು. ಆದರೆ ಈ ಸಲ ಅದಕ್ಕೆ ಬೀಗ ಹಾಕಲಾಗಿತ್ತು. ಚೇಂಜರ್ ಮತ್ತು ಸ್ಟೀರಿಯೊ ತಮ್ಮೊಳಗೆ ಒಂದು ಡಿಜಿಟಲ್ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದವು. ‘ಇದ್ದೇನೆ’ ಎಂಬ ಉತ್ತರ ಬಾರದೆ ಸ್ಟೀರಿಯೊ ಆ ಇನ್‌ಪುಟ್ ತೆರೆಯುತ್ತಿರಲಿಲ್ಲ. ಬಿಎಂಡಬ್ಲ್ಯೂನಲ್ಲಿ ಐ-ಬಸ್, ವೋಲ್ವೊದಲ್ಲಿ ಮೆಲ್‌ಬಸ್, ಟೊಯೋಟಾದಲ್ಲಿ ಎವಿಸಿ-ಲ್ಯಾನ್ ಎಂದು ಒಬ್ಬೊಬ್ಬರದು ಒಂದೊಂದು ಭಾಷೆ. ತಂತಿಯ ಮೇಲೆ ಓಡುವ ಸಂಕೇತಗಳನ್ನು ಹಿಡಿದು, ಅರ್ಥ ಬಿಡಿಸಿ, ಸಣ್ಣ ಮೈಕ್ರೊಕಂಟ್ರೋಲರ್ ಚಿಪ್ಪಿನಿಂದ ಚೇಂಜರ್ ಇರುವಂತೆ ಉತ್ತರ ಕೊಡಿಸಿದವರಲ್ಲಿ ಹವ್ಯಾಸಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ತಾವು ಕಂಡುಕೊಂಡದ್ದನ್ನು ಅವರಲ್ಲಿ ಬಹಳ ಮಂದಿ ಬಚ್ಚಿಡದೆ ಎಲ್ಲರಿಗೂ ಕೊಟ್ಟರು. ಈ ಕ್ಷೇತ್ರದ ನಿಜವಾದ ಪಾಂಡಿತ್ಯ ಬೆಳೆದದ್ದು ಅಂಥವರಿಂದ.

ಕಾರು ಕಂಪನಿಗಳು 2004ರಲ್ಲಿ ಎಚ್ಚೆತ್ತವು. ಆ ವರ್ಷ ಬಿಎಂಡಬ್ಲ್ಯೂ ಮತ್ತು ಆಪಲ್ ಸೇರಿ ಐಪಾಡ್ ಅಡಾಪ್ಟರ್ ಹೊರತಂದವು, ಉಳಿದ ಕಂಪನಿಗಳು ಹಿಂಬಾಲಿಸಿದವು. ಐಪಾಡಿನ 30 ಪಿನ್ನಿನ ಕೇಬಲ್ಲು ಆ ಕಾಲದ ಕಾರುಗಳಲ್ಲಿ ಹೆಮ್ಮೆಯ ಸೌಲಭ್ಯ. ಆಪಲ್ 2012ರಲ್ಲಿ ಪ್ಲಗ್ಗನ್ನೇ ಬದಲಿಸಿತು, ಆ ಕೇಬಲ್ಲುಗಳು ಅನಾಥವಾದವು. ಅದೇ ಕಾರುಗಳಲ್ಲಿ ಪಕ್ಕದಲ್ಲಿದ್ದ 3.5 ಮಿಲಿಮೀಟರಿನ ಸಾದಾ ಆಕ್ಸ್ ಜಾಕ್ ಇಂದಿಗೂ ಕೆಲಸ ಮಾಡುತ್ತದೆ.

ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿ, ಮಾರುತಿ 800 ಕಾರುಗಳಿಗೆ ಜನ ಸ್ಟೀರಿಯೊ ಹಾಕಿಸುತ್ತಿದ್ದದ್ದು ಹೊರಗೆ, ಬೆಂಗಳೂರಾದರೆ ಜೆ.ಸಿ. ರಸ್ತೆಯಂಥ ಕಡೆ. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಡಿನ್ ಅಳತೆಯ ಕಿಂಡಿ ಇದ್ದರೆ ಹಳೆಯದನ್ನು ಎಳೆದು ಹೊಸದು ತೂರಿಸಿದರಾಯಿತು. ಡ್ಯಾಶ್‌ಬೋರ್ಡಿನ ಮೈಗೇ ಅಚ್ಚು ಹೊಯ್ದಂತೆ ಕೂಡಿಕೊಂಡ ಸ್ಟೀರಿಯೊಗಳು ಬಂದ ಮೇಲೆ ಮೊದಲ ಸೆಟ್ಟನ್ನೇ ಉಳಿಸಿಕೊಂಡು ಆಕ್ಸ್ ಸೇರಿಸುವ ವಿದ್ಯೆಗೆ ಇಲ್ಲೂ ಬೆಲೆ ಬಂತು.

ಆ ವಿದ್ಯೆಯ ತಿರುಳು ಸ್ಟೀರಿಯೊ ಬಿಚ್ಚಿ ಬೋರ್ಡಿನ ಮೇಲೆ ಸರಿಯಾದ ಜಾಗ ಹುಡುಕುವುದು. ಟೇಪ್ ಹೆಡ್ಡಿನ ಸಂಕೇತ ಒಂದು ಮಿಲಿವೋಲ್ಟಿಗಿಂತಲೂ ಕಡಿಮೆ. ಅಲ್ಲಿ ಫೋನ್ ಜೋಡಿಸಿದರೆ ಧ್ವನಿ ಒಡೆದು ಹೋಗುತ್ತದೆ. ಪ್ರೀಆಂಪ್ಲಿಫೈಯರ್ ದಾಟಿ, ವಾಲ್ಯೂಮಿಗೆ ಮುಂಚೆ, ಸಂಕೇತ ನೂರಾರು ಮಿಲಿವೋಲ್ಟಿಗೆ ಏರಿರುತ್ತದೆ. ಅದೇ ಸರಿಯಾದ ಜಾಗ. ಅಲ್ಲಿ ಎಡ-ಬಲದ ಎರಡು ಗೆರೆ ಕತ್ತರಿಸಿ, ಒಳಗೇ ಸ್ವಿಚ್ ಇರುವ ಜಾಕ್ ಕೂರಿಸಬೇಕು. ಪ್ಲಗ್ ಇಲ್ಲದಾಗ ಕ್ಯಾಸೆಟ್ ಎಂದಿನಂತೆ ಹಾಡುತ್ತದೆ, ಪ್ಲಗ್ ಹಾಕಿದರೆ ಅದು ಕಡಿದು ಫೋನಿನ ಧ್ವನಿ ಹೋಗುತ್ತದೆ. ಸ್ಟೀರಿಯೊ ಟೇಪ್ ಮೋಡಿನಲ್ಲೇ ಇರಬೇಕಾದ್ದರಿಂದ ಒಂದು ಕ್ಯಾಸೆಟ್ ಒಳಗೆ ತಿರುಗುತ್ತಿರಬೇಕು. ಸಿಡಿ ಸೆಟ್ಟಾದರೆ ಮೌನವನ್ನೇ ಬರೆದ ಒಂದು ಸಿಡಿ ಹಾಕುತ್ತಾರೆ.

ತೊಂಬತ್ತರ ದಶಕದಿಂದೀಚಿನ ಸೆಟ್ಟುಗಳಲ್ಲಿ ಟಿಡಿಎ 7318ರಂಥ ಆಡಿಯೊ ಪ್ರೊಸೆಸರ್ ಚಿಪ್ ಸಿಗುತ್ತದೆ. ಅದಕ್ಕೆ ನಾಲ್ಕು ಸ್ಟೀರಿಯೊ ಇನ್‌ಪುಟ್‌ಗಳು. ಬಳಸದೆ ಬಿಟ್ಟ ಇನ್‌ಪುಟ್ ಕಂಡರೂ ಅದಕ್ಕೆ ತಂತಿ ಹಾಕಿದ ಮಾತ್ರಕ್ಕೆ ಫಲವಿಲ್ಲ, ಆಯ್ಕೆಯ ಆದೇಶ ಸೆಟ್ಟಿನ ಮುಖ್ಯ ಚಿಪ್ಪಿನಿಂದಲೇ ಬರಬೇಕು. ಹಾಗಾಗಿ ಬಳಕೆಯಲ್ಲಿರುವ ಇನ್‌ಪುಟ್ಟನ್ನೇ ಹಂಚಿಕೊಳ್ಳುವುದು ಲೇಸು. ಇಂಥ ಚಿಪ್ಪಿನ ಪಿನ್ನುಗಳಲ್ಲಿ ಸಂಕೇತವಲ್ಲದ ಡಿಸಿ ವೋಲ್ಟೇಜ್ ನಿಂತಿರುವುದರಿಂದ ಪ್ರತಿ ಗೆರೆಗೂ ಒಂದು ಕೆಪಾಸಿಟರ್ ಬೇಕು. ಇನ್‌ಪುಟ್ಟಿನ ಪ್ರತಿರೋಧ 50 ಕಿಲೋಓಮ್ ಇದ್ದರೆ 1 ಮೈಕ್ರೊಫ್ಯಾರಡ್ ಸಾಕು, ಬೇಸ್ ಒಂದಿಷ್ಟೂ ಕಳೆಯುವುದಿಲ್ಲ.

ಇಷ್ಟಾದ ಮೇಲೆ ಕಾಡುವುದು ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀರಲು ದನಿ. ಫೋನನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಚಾರ್ಜ್ ಮಾಡುತ್ತ ಆಕ್ಸ್ ಸೇರಿಸಿದಾಗ ಅರ್ಥ್ ಎರಡು ದಾರಿಯಲ್ಲಿ ಕೂಡಿಕೊಂಡು ಆಲ್ಟರ್ನೇಟರಿನ ಸದ್ದು ಒಳನುಸುಳುತ್ತದೆ. ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಇದಕ್ಕೆ ಮದ್ದು. ತೀರಾ ಅಗ್ಗದ್ದು ಕೊಂಡರೆ ಬೇಸ್ ಸೊರಗುತ್ತದೆ.

ಇನ್ನೂ ಹಳೆಯ ಸೆಟ್ಟುಗಳಲ್ಲಿ ನಿಜವಾದ ಅಪಾಯವಿದೆ. ವಾಲ್ವ್ ರೇಡಿಯೊ ಬ್ಯಾಟರಿಯ 6 ಅಥವಾ 12 ವೋಲ್ಟನ್ನು ಒಳಗೆ ಇನ್ನೂರರ ಸುಮಾರಿಗೆ ಏರಿಸಿಕೊಳ್ಳುತ್ತದೆ. ಅರವತ್ತರ ದಶಕದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರಿಸಿದ್ದು ಬ್ಯಾಟರಿಯ ಪಾಸಿಟಿವ್ ತುದಿ. ಅದೇ ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡುತ್ತ ಆಕ್ಸ್ ಚುಚ್ಚಿದರೆ ಶಾರ್ಟ್ ಆಗುತ್ತದೆ.

ಹೆಡ್‌ಫೋನ್ ಜಾಕ್ ಇಲ್ಲದ ಐಫೋನ್ 2016ರಲ್ಲಿ ಬಂದ ಮೇಲೆ ಬ್ಲೂಟೂತೇ ಮುಂದಿನ ದಾರಿ ಎಂದಾಯಿತು. ಈಗ ಬೆರಳುದ್ದದ ಬ್ಲೂಟೂತ್ ಬೋರ್ಡನ್ನು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿಸುತ್ತಾರೆ. ಅದರ ಹೊರತಂತಿಗಳೂ ಕೊನೆಗೆ ಸೇರುವುದು ವಾಲ್ಯೂಮಿಗೆ ಮುಂಚಿನ ಅದೇ ಜಾಗಕ್ಕೆ. ನಾಳೆ ಬ್ಲೂಟೂತ್ ಹೋಗಿ ಮತ್ತೊಂದು ಬಂದರೆ ಬೋರ್ಡ್ ಬದಲಾಗುತ್ತದೆ, ಬೆಸುಗೆ ಅಲ್ಲೇ ಇರುತ್ತದೆ.

ಹಳೆಯ ಕಾರಿನ ಸ್ಟೀರಿಯೊ ಕಿತ್ತೆಸೆಯುವ ಮುಂಚೆ ಅದನ್ನು ಬಲ್ಲ ಒಬ್ಬ ರೇಡಿಯೊ ಮೆಕ್ಯಾನಿಕ್‌ಗೆ ತೋರಿಸಿ. ಬ್ಯಾಟರಿ ಕಳಚುವ ಮೊದಲು ಸ್ಟೀರಿಯೊಗೆ ಕಳ್ಳತನ ತಡೆಯುವ ಕೋಡ್ ನಂಬರ್ ಇದ್ದರೆ ಬರೆದಿಟ್ಟುಕೊಳ್ಳಿ. ಇನ್ನು ಕಾರು ಕಂಪನಿಗಳು: ಎಸಿ, ನಕ್ಷೆ, ಕ್ಯಾಮೆರಾ ಎಲ್ಲವನ್ನೂ ಒಂದೇ ಪರದೆಗೆ ಹೊಲಿದ ಇಂದಿನ ಕಾರುಗಳಲ್ಲಿ ಸ್ಟೀರಿಯೊ ಬದಲಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಅಂಥ ಕಾರಿನಲ್ಲೂ ಒಂದು ಆಕ್ಸ್ ಜಾಕ್ ಉಳಿಸಲು ಅವರಿಗೆ ತಗಲುವ ಖರ್ಚು ಅತ್ಯಲ್ಪ. ಅದನ್ನು ಅವರು ತೆಗೆಯಬಾರದು.