ಹೆಚ್ಚುವ ಹಲಗೆಗೆ ಎಣ್ಣೆ ಏಕೆ? ಮರ, ತೇವ ಮತ್ತು ಲೇಪನ ಕುರಿತು

ಮರದ ಹಲಗೆಗೆ ಎಣ್ಣೆ ಹಚ್ಚಿದರೆ ರೋಗಾಣು ಒಳಗಿಳಿಯುವುದಿಲ್ಲ ಎಂಬ ನಂಬಿಕೆ ಸಾಮಾನ್ಯ. ಪ್ರಯೋಗದ ಸಾಕ್ಷ್ಯ ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲೈವರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯ. ಒಂಬತ್ತು ಜಾತಿಯ ಗಟ್ಟಿಮರಗಳ ಹಾಗೂ ಹಲವು ಬಗೆಯ ಪ್ಲಾಸ್ಟಿಕ್ಕಿನ ಹಲಗೆಗಳನ್ನು 5 ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಅವುಗಳ ಮೇಲೆ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲಿ ಇದ್ದ ದ್ರವವನ್ನು ಹಾಕಿ ನೋಡಿದರು. ಶುಚಿಯಾದ ಮರ ಸಾಮಾನ್ಯವಾಗಿ 3ರಿಂದ 10 ನಿಮಿಷದೊಳಗೆ ದ್ರವವನ್ನು ಪೂರ್ತಿ ಹೀರಿಕೊಂಡಿತು. ಹಸಿ ಮಾಂಸದಿಂದ ಬರಬಹುದಾದಷ್ಟು ಬ್ಯಾಕ್ಟೀರಿಯಾ ಬಳಿಕ ಬಹುಮಟ್ಟಿಗೆ ಮರದಿಂದ ಮರಳಿ ಸಿಗಲಿಲ್ಲ. ಪ್ಲಾಸ್ಟಿಕ್ಕಿನ ಮೇಲಾದರೋ ರಾತ್ರಿ ಕಳೆಯುವಷ್ಟರಲ್ಲಿ ವೃದ್ಧಿಯಾದವು. ಮಿನರಲ್ ಆಯಿಲ್ ಸವರಿದ ಮರದಲ್ಲೂ ಫಲಿತಾಂಶ ಹೆಚ್ಚೇನೂ ಬದಲಾಗಲಿಲ್ಲ. (ತೊಳೆಯುವುದು ಬೇಡವೆಂದು ಇದರ ಅರ್ಥವಲ್ಲ.)

ಎಣ್ಣೆಯ ನಿಜವಾದ ಕೆಲಸ ತೇವದ ಓಡಾಟವನ್ನು ನಿಧಾನಗೊಳಿಸುವುದು. ಮರ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಇಮ್ಮಡಿ. ಹಲಗೆ ಸೊಟ್ಟಗಾಗುವುದಕ್ಕೆ ಈ ಅಸಮತೆ ದೊಡ್ಡ ಕಾರಣ. ನಾರಿನ ತುದಿಗಳು ಬಯಲಾದ ಅಂಚು ಉಳಿದ ಮುಖಗಳಿಗಿಂತ ಬೇಗ ನೀರು ಕುಡಿಯುತ್ತದೆ, ಬೇಗ ಬಿಡುತ್ತದೆ. ಸೀಳು ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಆದರೂ ಮೇಲ್ಮೈಯನ್ನು ಮಿಂಚಿಸಿ ಅಂಚನ್ನು ಮರೆಯುವವರೇ ಹೆಚ್ಚು.

ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆದರೆ ಅದಕ್ಕೆ ವಾರಗಟ್ಟಲೆ ಬಿಡುವು ಬೇಕು. ಆ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ, ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಬೇಕು. ಬಣ್ಣದ ಅಂಗಡಿಯ ‘ಬಾಯಿಲ್ಡ್’ ಅಗಸೆ ಎಣ್ಣೆಗೆ ಲೋಹದ ಲವಣ ಬೆರೆಸಿರುವುದುಂಟು, ಅದು ಅಡುಗೆಮನೆಗೆ ಸಲ್ಲದು. ಕಡಲೆಕಾಯಿ ಎಣ್ಣೆ ಗಟ್ಟಿಯಾಗದು, ಕಾಲಕ್ರಮೇಣ ಕಮಟುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕಮಟದಿದ್ದರೂ ನಮ್ಮ ಸೆಕೆಯಲ್ಲಿ ದ್ರವವಾಗಿಯೇ ಉಳಿಯುತ್ತದೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಕಮಟದು. ತೊಳೆದಂತೆಲ್ಲ ಸವೆಯುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಅದಕ್ಕೆ ಜೇನುಮೇಣ ಕರಗಿಸಿ ಬೆರೆಸಿದರೆ ಸ್ವಲ್ಪ ಹೆಚ್ಚು ಕಾಲ ನಿಲ್ಲುತ್ತದೆ. ವಾರ್ನಿಷ್ ಮಾತ್ರ ಬೇಡ: ಚಾಕು ಪೊರೆಯನ್ನು ಸೀಳಿದೊಡನೆ ನೀರು ಅಡಿಗೆ ಸೇರಿ ಲೇಪ ಏಳತೊಡಗುತ್ತದೆ.

ಈಳಿಗೆಮಣೆಯ ಕಾಲದಲ್ಲಿ ಈ ಪ್ರಶ್ನೆ ಹೀಗೆ ಏಳುವಂತಿರಲಿಲ್ಲ. ಅಲ್ಲಿ ನೆಟ್ಟಗೆ ನಿಂತ ಅಲಗಿಗೆ ತರಕಾರಿಯನ್ನೇ ಒತ್ತುತ್ತಾರೆ, ಮಣೆಗೆ ಗಾಯವಾಗುವುದಿಲ್ಲ. ನಿಂತು ಹೆಚ್ಚುವ ರೂಢಿ ಬಂದ ಮೇಲೆ ಮರ ಚಾಕುವಿನ ಕೆಳಗೆ ಬಂತು, ಜೊತೆಗೇ ಗ್ರಾನೈಟ್ ಕಟ್ಟೆಯ ಮೇಲೂ ಕೂತಿತು. ತೊಳೆದ ಹಲಗೆಯನ್ನು ಅಲ್ಲಿ ಮಲಗಿಸಿಟ್ಟರೆ ಅಡಿಭಾಗ ಒದ್ದೆಯಾಗಿಯೇ ಇದ್ದು ಉಬ್ಬುತ್ತದೆ, ಅಂಚುಗಳು ಮೇಲೇಳುತ್ತವೆ. ಒಂದು ಬದಿಯ ಮೇಲೆ ನಿಲ್ಲಿಸಿ, ಎರಡೂ ಮುಖಕ್ಕೆ ಗಾಳಿಯಾಡಲು ಬಿಡಬೇಕು. ಹಾಗೆ ಬಾಗಿದ ಹಲಗೆ ಎರಡೂ ಕಡೆ ಸಮವಾಗಿ ಒಣಗಿದ ಮೇಲೆ ಎಷ್ಟೋ ಸಲ ತಾನೇ ನೇರವಾಗುತ್ತದೆ. ಕೀಸುಳಿ ಕೈಗೆತ್ತಿಕೊಳ್ಳುವ ಮೊದಲು ಅಷ್ಟು ಕಾಯುವುದು ಲೇಸು.