ಅಮೆರಿಕದ ವೃತ್ತಿಕುಸ್ತಿ: ಬಂಡವಾಳದ ಒತ್ತಡ ಮತ್ತು ಕಲಾಪ್ರತಿಭೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದುಬಂದ ವೃತ್ತಿಕುಸ್ತಿಯು ನಮ್ಮ ಗರಡಿಯ ಕುಸ್ತಿಯಂತಹುದಲ್ಲ. ಅಲ್ಲಿ ಸೋಲುಗೆಲುವುಗಳು ಮೊದಲೇ ನಿಶ್ಚಿತವಾಗಿರುತ್ತವೆ. ಕಣಕ್ಕಿಳಿದ ಇಬ್ಬರು ಮಲ್ಲರು ಪರಸ್ಪರರ ಮೈಯನ್ನು ಕಾಪಾಡಿಕೊಳ್ಳುತ್ತಲೇ ವೈರದ ಕಥೆಯೊಂದನ್ನು ಅಭಿನಯಿಸುತ್ತಾರೆ. ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಫಲ ಮೊದಲೇ ತಿಳಿದಿದೆಯೆಂಬ ಮಾತ್ರಕ್ಕೆ ಕಲೆ ಇಲ್ಲವೆಂದಾಗದು. ತಾಳಮದ್ದಳೆಯ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ; ಅರ್ಥಧಾರಿಯ ಮಾತು ಮಾತ್ರ ಆ ರಾತ್ರಿಯದು. ವೃತ್ತಿಕುಸ್ತಿಯ ಪ್ರತಿಭೆಯೂ ಬಹುಕಾಲ ಇಂತಹುದೇ ಆಗಿತ್ತು. ಅದು ದೊಡ್ಡ ವ್ಯಾಪಾರಸಂಸ್ಥೆಗಳ ಒತ್ತಡಕ್ಕೆ ಸಿಕ್ಕಿ ಹೇಗೆ ಮಾರ್ಪಟ್ಟಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಮೊದಲು ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಹಿಂದೆ ಕಲೆ ಮಾತ್ರವಿತ್ತು, ಹಣ ಅನಂತರ ಬಂದಿತೆಂಬುದು ಸರಿಯಲ್ಲ. 1948ರಲ್ಲಿ ಅಯೋವಾ ಸಂಸ್ಥಾನದ ವಾಟರ್ಲೂ ಎಂಬಲ್ಲಿ ಸ್ಥಾಪಿತವಾದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಎಂಬ ಕೂಟದ ಪ್ರವರ್ತಕರು ದೇಶವನ್ನೇ ಸೀಮೆಗಳಾಗಿ ಹಂಚಿಕೊಂಡಿದ್ದರು. ಈ ಏಕಸ್ವಾಮ್ಯದ ವಿರುದ್ಧ ಕೇಂದ್ರದ ನ್ಯಾಯಾಂಗ ಇಲಾಖೆಯೇ ಕ್ರಮ ಕೈಗೊಂಡಿತು. 1956ರಲ್ಲಿ ಕೂಟವು ನ್ಯಾಯಾಲಯದ ಕಟ್ಟಳೆಗೆ ಒಪ್ಪಬೇಕಾಯಿತು. ಆದರೂ ಆ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಆಟ ಹಿಡಿಸಿತೇ ಇಲ್ಲವೇ ಎಂಬುದನ್ನು ಮುಂದಿನ ವಾರದ ಟಿಕೆಟ್ಟಿನ ಮಾರಾಟವೇ ತಿಳಿಸುತ್ತಿತ್ತು. ಪ್ರವರ್ತಕನು ಫಲವನ್ನೂ ಮಾತಿನ ಸಾರಾಂಶವನ್ನೂ ಹೇಳುತ್ತಿದ್ದನು. ಉಳಿದದ್ದು ಬಹುಮಟ್ಟಿಗೆ ಮಲ್ಲನ ಜಾಣ್ಮೆಗೆ ಬಿಟ್ಟದ್ದು.

ಈ ಸೀಮೆಗಳನ್ನು ಅಳಿಸಿದವನು ವಿನ್ಸ್ ಮೆಕ್‌ಮಹನ್. ಅವನು 1982ರಲ್ಲಿ ತನ್ನ ತಂದೆಯ ಸಂಸ್ಥೆಯನ್ನು ಕೊಂಡು, ಕೇಬಲ್ ಟೆಲಿವಿಷನ್ನಿನ ಬಲದಿಂದ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ನನ್ನು ದೇಶವ್ಯಾಪಿಯಾಗಿ ಮಾಡಿದನು. 1985ರ ಮಾರ್ಚ್ 31ರಂದು ನ್ಯೂಯಾರ್ಕಿನಲ್ಲಿ ಮೊದಲ ರೆಸಲ್‌ಮೇನಿಯ ನಡೆಯಿತು. 1989ರಲ್ಲಿ ಅವನ ಸಂಸ್ಥೆಯು ಸರ್ಕಾರದ ಕ್ರೀಡಾನಿಯಂತ್ರಣದಿಂದ ಬಿಡುಗಡೆ ಪಡೆಯುವ ಸಲುವಾಗಿ, ಇದು ಸ್ಪರ್ಧೆಯಲ್ಲ, ಮನೋರಂಜನೆ ಎಂದು ನ್ಯೂಜೆರ್ಸಿಯ ಸೆನೆಟ್ಟಿನ ಮುಂದೆ ಒಪ್ಪಿಕೊಂಡಿತು. ತಲೆಮಾರುಗಳಿಂದ ಕಾಯ್ದುಕೊಂಡು ಬಂದ ವೃತ್ತಿರಹಸ್ಯವನ್ನು ವ್ಯಾಪಾರದ ಅನುಕೂಲಕ್ಕಾಗಿ ಒಡೆಯನೇ ಬಿಟ್ಟುಕೊಟ್ಟುದು ಗಮನಾರ್ಹ.

ಇತ್ತ 1988ರಲ್ಲಿ ಟೆಲಿವಿಷನ್ ಉದ್ಯಮಿ ಟೆಡ್ ಟರ್ನರ್ ಪ್ರತಿಸ್ಪರ್ಧಿ ಸಂಸ್ಥೆಯೊಂದನ್ನು ಕೊಂಡನು. ಅದೇ ವರ್ಲ್ಡ್ ಚಾಂಪಿಯನ್‌ಷಿಪ್ ರೆಸ್ಲಿಂಗ್. 1995ರ ಸೆಪ್ಟೆಂಬರ್ 4ರಿಂದ ಅದರ ‘ನೈಟ್ರೋ’ ಕಾರ್ಯಕ್ರಮ ಮೆಕ್‌ಮಹನನ ‘ರಾ’ ಕಾರ್ಯಕ್ರಮಕ್ಕೆ ಎದುರಾಗಿ ಸೋಮವಾರವೇ ಪ್ರಸಾರವಾಗತೊಡಗಿತು. ಎರಡೂ ಹಣಕ್ಕಾಗಿಯೇ ನಿಂತವು. ಆದರೂ ನವೀನತೆ ಹೆಚ್ಚಿದುದು ಈ ಕಾಲದಲ್ಲಿಯೇ. 1996ರ ಜೂನ್ 23ರಂದು ಸ್ಟೀವ್ ಆಸ್ಟಿನ್ ತನ್ನ ಎದುರಾಳಿಯ ಬೈಬಲ್ ಪ್ರವಚನವನ್ನು ಅಣಕಿಸಿ, ಯಾರೂ ಬರೆದುಕೊಡದ ಮಾತೊಂದನ್ನು ಆಡಿದನು. ಬಹುಬೇಗನೆ ಅದು ಪ್ರೇಕ್ಷಕರ ಫಲಕಗಳ ಮೇಲೆ ಮೂಡಿತು. ಮರುತಿಂಗಳು 7ರಂದು, ಬಹುಕಾಲದ ನಾಯಕ ಹಲ್ಕ್ ಹೋಗನ್ ಪ್ರತಿಸ್ಪರ್ಧಿ ಸಂಸ್ಥೆಯ ಕಣದಲ್ಲಿ ಖಳರ ಪಕ್ಷ ಸೇರಿ ಜನರನ್ನು ದಿಗ್ಭ್ರಮೆಗೊಳಿಸಿದನು.

ಈ ಪೈಪೋಟಿಗೂ ಬೆಲೆ ತೆರಬೇಕಾಯಿತು. 1999ರ ಮೇ 23ರಂದು ಕನ್ಸಾಸ್ ನಗರದಲ್ಲಿ ಛಾವಣಿಯ ಎತ್ತರದಿಂದ ಕಣಕ್ಕಿಳಿಯುವ ಚಮತ್ಕಾರದಲ್ಲಿ ಓವೆನ್ ಹಾರ್ಟ್ ಬಿದ್ದು ಮೃತನಾದನು. ಆಟ ಮುಂದುವರಿಯಿತು.

ಅದೇ ವರ್ಷ ಅಕ್ಟೋಬರ್ 19ರಂದು ಮೆಕ್‌ಮಹನನ ಸಂಸ್ಥೆಯ ಷೇರುಗಳು ಸಾರ್ವಜನಿಕರಿಗೆ ಮಾರಾಟವಾದವು. ಇನ್ನು ಟರ್ನರನ ಸಂಸ್ಥೆ 1996ರಲ್ಲಿ ಟೈಮ್ ವಾರ್ನರ್‌ನಲ್ಲಿಯೂ, ಅದು 2001ರ ಜನವರಿಯಲ್ಲಿ ಎ.ಓ.ಎಲ್. ಸಂಸ್ಥೆಯೊಡನೆಯೂ ವಿಲೀನಗೊಂಡಿತು. ಅವನ ಕುಸ್ತಿಸಂಸ್ಥೆ ಸ್ವಂತ ಅವ್ಯವಸ್ಥೆಯಿಂದಲೇ ಅಪಾರ ನಷ್ಟದಲ್ಲಿತ್ತೆಂಬುದು ನಿಜ. ಆದರೆ ಪ್ರೇಕ್ಷಕರು ಅದನ್ನು ಪೂರ್ತಿಯಾಗಿ ಕೈಬಿಟ್ಟಿರಲಿಲ್ಲ. ವಾಹಿನಿಗಳ ಹೊಸ ಮುಖ್ಯಾಧಿಕಾರಿ ಜೇಮೀ ಕೆಲ್ನರ್ ಕುಸ್ತಿಯ ಕಾರ್ಯಕ್ರಮಗಳನ್ನೇ ರದ್ದುಮಾಡಿದನು; ಪ್ರಸಾರದ ಸಮಯವಿಲ್ಲದ ಸಂಸ್ಥೆಯನ್ನು ಮೆಕ್‌ಮಹನ್ ಅಲ್ಪ ಬೆಲೆಗೆ ಕೊಂಡನು. ಮಾರ್ಚ್ 26ರಂದು ಕೊನೆಯ ‘ನೈಟ್ರೋ’ ನಡೆಯಿತು. ಅದರ ಅಳಿವು ಉಳಿವು ನಿರ್ಧಾರವಾದುದು ಕಣದಲ್ಲಿಯೂ ಅಲ್ಲ, ಟಿಕೆಟ್ಟಿನ ಕಟ್ಟೆಯಲ್ಲಿಯೂ ಅಲ್ಲ.

ತರುವಾಯದ ಕಾಲ ಹೆಚ್ಚುಕಡಿಮೆ ಏಕಸ್ವಾಮ್ಯದ್ದು. ಲೇಖಕರ ತಂಡ ಬರೆದ ಮಾತನ್ನು ಒಪ್ಪಿಸುವುದೇ ಮಲ್ಲನ ಕೆಲಸವಾಗುತ್ತ ಬಂದಿತು. 2019ರಲ್ಲಿ ಸಂಸ್ಥೆಯನ್ನು ಬಿಟ್ಟ ಜಾನ್ ಮಾಕ್ಸ್ಲಿ, ತನಗೆ ಹಾಸ್ಯಾಸ್ಪದವೆನಿಸಿದ ಮಾತುಗಳನ್ನು ಆಡಬೇಕಾದುದೇ ತನ್ನ ಬೇಸರದ ಮೂಲವೆಂದು ಬಹಿರಂಗವಾಗಿ ಹೇಳಿದನು. ಆದರೆ ಒತ್ತಡವೆಲ್ಲ ಕೇಡಲ್ಲವೆಂಬುದನ್ನೂ ಹೇಳಬೇಕು. 2008ರಲ್ಲಿ ಕಾರ್ಯಕ್ರಮಗಳು ಮಕ್ಕಳೂ ನೋಡತಕ್ಕ ವರ್ಗಕ್ಕೆ ಸೇರಿದವು. 2010ರಲ್ಲಿ ಕುರ್ಚಿಯಿಂದ ತಲೆಗೆ ಹೊಡೆಯುವುದು ನಿಷಿದ್ಧವಾಯಿತು. ಇದರಿಂದ ರೋಮಾಂಚ ತಗ್ಗಿತೆಂದು ಕೊರಗುವವರು ಯಾರ ತಲೆಯ ಮೇಲೆ ಆ ರೋಮಾಂಚ ನಿಂತಿತ್ತೆಂಬುದನ್ನು ಯೋಚಿಸಬೇಕು.

ಪ್ರೇಕ್ಷಕರ ಶಕ್ತಿಯೂ ಪೂರ್ಣವಾಗಿ ನಂದಿರಲಿಲ್ಲ. 2014ರ ಜನವರಿ 26ರ ಪಂದ್ಯದಲ್ಲಿ ತಮ್ಮ ಮೆಚ್ಚಿನ ಡೇನಿಯಲ್ ಬ್ರಯನನನ್ನು ಕಾಣದೆ ಜನರು ಗೆದ್ದವನನ್ನೇ ಹೀಯಾಳಿಸಿದರು. ಸಂಸ್ಥೆ ತನ್ನ ಯೋಜನೆಯನ್ನು ಬದಲಿಸಿತು; ಏಪ್ರಿಲ್ 6ರಂದು ರೆಸಲ್‌ಮೇನಿಯದಲ್ಲಿ ಬ್ರಯನ್ ವಿಜಯಿಯಾದನು.

ಅಂಥ ತಿದ್ದುಪಡಿ ಮುಂದೆ ಎಷ್ಟರಮಟ್ಟಿಗೆ ಸಾಧ್ಯ? 2018ರಲ್ಲಿ ಸೌದಿ ಅರೇಬಿಯದೊಡನೆ ಹತ್ತು ವರ್ಷಗಳ ಒಪ್ಪಂದ ಆರಂಭವಾಯಿತು. ಅಲ್ಲಿ ಸ್ತ್ರೀಯರು ಮೊದಲ ಸಲ ಕಣಕ್ಕಿಳಿದುದು 2019ರ ಅಕ್ಟೋಬರ್ 31ರಂದು. 2023ರ ಸೆಪ್ಟೆಂಬರಿನಲ್ಲಿ ಸಂಸ್ಥೆಯು ಟಿ.ಕೆ.ಓ. ಎಂಬ ಸಮೂಹದ ಅಂಗವಾಯಿತು. 2025ರ ಜನವರಿ 6ರಿಂದ ‘ರಾ’ ಕಾರ್ಯಕ್ರಮ ನೆಟ್‌ಫ್ಲಿಕ್ಸಿನಲ್ಲಿ ಬರತೊಡಗಿತು. ಆ ಹತ್ತು ವರ್ಷಗಳ ಒಪ್ಪಂದದ ಮೊತ್ತ 500 ಕೋಟಿ ಡಾಲರಿಗೂ ಮಿಗಿಲು. ವರಮಾನ ಹೀಗೆ ಮುಂಗಡವಾಗಿಯೇ ಭದ್ರವಾದಾಗ, ಒಂದು ರಾತ್ರಿಯ ಚಪ್ಪಾಳೆಗೂ ಹೀಯಾಳಿಕೆಗೂ ತೂಕ ಕಡಮೆಯಾಗುವುದು ಸಹಜ.

ಆದುದರಿಂದ ಪ್ರತಿಭೆಗೆ ಹಣವೇ ವೈರಿಯೆಂಬ ತೀರ್ಮಾನಕ್ಕೆ ನಾವು ಬರುವುದಿಲ್ಲ. ಪ್ರೇಕ್ಷಕರಿಗೂ ಕಲಾವಿದನಿಗೂ ನಡುವೆ ಎಷ್ಟು ಮಂದಿ ಒಡೆಯರು ನಿಂತಿದ್ದಾರೆಂಬುದೇ ಮುಖ್ಯ ಪ್ರಶ್ನೆ. ಮಲ್ಲನು ಇನ್ನೂ ಸಂಸ್ಥೆಯ ನೌಕರನಲ್ಲ, ಗುತ್ತಿಗೆಯವನು. ಅವನ ಪರವಾಗಿ ಮಾತಾಡುವ ಸಂಘವೂ ಇಲ್ಲ. ಕಥೆಯನ್ನು ನಿರ್ಣಯಿಸುವವರು ಮೇಲುಮೇಲಕ್ಕೆ ಏರಿಹೋದರು. ಆ ಕಥೆಗಾಗಿ ನೆಲಕ್ಕೆ ಬೀಳುವ ಮೈ ಮಾತ್ರ ಇಂದಿಗೂ ಅವನದೇ.