ಜಾಲಹಳ್ಳಿಯಿಂದ ನಮ್ಮೂರ ಮತಗಟ್ಟೆಗೆ ಬಂದ ಗಟ್ಟಿ ಕಂಪ್ಯೂಟರ್

ಚುನಾವಣೆಯ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದ ಗೇಟಿನ ಬಳಿ ನಿಂತು ಸುದ್ದಿ ಮಾಡುವುದು ನಮ್ಮಂಥ ವರದಿಗಾರರಿಗೆ ರೂಢಿ. ಮಧುಗಿರಿಯಾದರೇನು, ಪಾವಗಡವಾದರೇನು, ನೋಟ ಒಂದೇ. ಮೇಷ್ಟ್ರುಗಳು, ಇಲಾಖೆ ನೌಕರರು ಸೂಟ್‌ಕೇಸಿನಂಥ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಾರೆ. ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಪೆಟ್ಟಿಗೆ ಯಾರದೋ ತೊಡೆಯ ಮೇಲೆ ಕುಲುಕಾಡುತ್ತಾ, ಧೂಳು ತಿನ್ನುತ್ತಾ ಊರು ಸೇರುತ್ತದೆ. ಮಾರನೆಯ ದಿನ ಶಾಲೆಯ ಕೊಠಡಿಯಲ್ಲಿ ಕೂತು, ಕರೆಂಟ್ ಇರಲಿ ಹೋಗಲಿ, ಸಂಜೆವರೆಗೆ ಬೀಪ್ ಅನ್ನುತ್ತಿರುತ್ತದೆ.

ಅದರೊಳಗೆ ಇರುವುದು ಒಂದು ಕಂಪ್ಯೂಟರ್. ಕಂಪ್ಯೂಟರ್ ಅಂದರೆ ಪರದೆ, ಕೀಬೋರ್ಡ್ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಡೇರಿಯಲ್ಲಿ ಹಾಲಿನ ಫ್ಯಾಟ್ ತೋರಿಸುವ ಯಂತ್ರದಲ್ಲೂ, ಕಂಡಕ್ಟರ್ ಕೈಯ ಟಿಕೆಟ್ ಮಷಿನ್ನಿನಲ್ಲೂ ಒಂದೊಂದು ಪುಟ್ಟ ಕಂಪ್ಯೂಟರ್ ಹುದುಗಿದೆ. ಅದಕ್ಕೆ ಬರುವುದು ಒಂದೇ ಕೆಲಸ. ಕಾರ್ಖಾನೆ, ರೈಲು, ಸೇನೆಗೆ ಬೇಕಾದ ಇಂಥವನ್ನು ಬಿಸಿ, ಧೂಳು, ಅಲುಗಾಟ ತಡೆಯುವ ಹಾಗೆ ಗಟ್ಟಿಯಾಗಿ ಮಾಡುತ್ತಾರೆ. ಆ ಗಟ್ಟಿ ಜಾತಿಗೆ ಸೇರಿದ ಮತಯಂತ್ರವನ್ನು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಓದು ಬಾರದ ಅಜ್ಜಿಯಿಂದ ಹಿಡಿದು ಎಲ್ಲರೂ ಒತ್ತಿದ್ದಾರೆ.

ಇದನ್ನು ಮಾಡುವ ಕಾರ್ಖಾನೆಗಳು ದೇಶದಲ್ಲಿ ಎರಡೇ. ಒಂದು ಹೈದರಾಬಾದಿನ ಇಸಿಐಎಲ್. ಇನ್ನೊಂದು ಬೆಂಗಳೂರಿನ ಬಿಇಎಲ್. ನೆಲಮಂಗಲದ ಮೇಲೆ ಬೆಂಗಳೂರಿಗೆ ಹೋಗುವ ನಮ್ಮ ಬಸ್ಸುಗಳಲ್ಲಿ ಗೊರಗುಂಟೆಪಾಳ್ಯದಲ್ಲಿ ಇಳಿದವರಿಗೆ ಅದು ದೂರವಲ್ಲ. 1954ರಲ್ಲಿ ಕೇಂದ್ರ ಸರ್ಕಾರ ಜಾಲಹಳ್ಳಿಯಲ್ಲಿ ಇದನ್ನು ಕಟ್ಟಿದ್ದು ಸೇನೆಗೆ ರೇಡಿಯೋ ಸೆಟ್ ಮಾಡಲು. ಗಡಿಯ ಚಳಿಯಲ್ಲಿ, ಮರಳುಗಾಡಿನ ಕಾವಿನಲ್ಲಿ ಕೆಡದ ಯಂತ್ರ ಮಾಡುವ ವಿದ್ಯೆ ಇಲ್ಲಿನವರ ಕೈಗೆ ಹತ್ತಿದ್ದು ಹಾಗೆ.

ಮತಯಂತ್ರದ ಮಾತು ಶುರುವಾದದ್ದು 1977ರಲ್ಲಿ. ಚುನಾವಣಾ ಆಯೋಗ ಮೊದಲು ಕೇಳಿದ್ದು ಇಸಿಐಎಲ್ ಅನ್ನು. 1979ರಲ್ಲಿ ಮಾದರಿ ತಯಾರಾಯಿತು, ಆಮೇಲೆ ಬಿಇಎಲ್ ಕೂಡ ಸೇರಿತು. ಬಿಇಎಲ್‌ನಲ್ಲಿ ಯಂತ್ರದ ವಿನ್ಯಾಸದ ಉಸ್ತುವಾರಿ ನೋಡಿದವರಲ್ಲಿ ಎಸ್. ರಂಗರಾಜನ್ ಒಬ್ಬರು. ತಮಿಳು ಓದುಗರಿಗೆ ಅವರು 'ಸುಜಾತಾ' ಹೆಸರಿನ ಜನಪ್ರಿಯ ಕಾದಂಬರಿಕಾರ. ಹಗಲು ಮತಯಂತ್ರ, ರಾತ್ರಿ ಪತ್ತೇದಾರಿ ಕಥೆ ಅಂತ ನಾವು ತಮಾಷೆ ಮಾಡಿಕೊಳ್ಳುತ್ತೇವೆ.

ಯಂತ್ರ ಮೊದಲು ಕೆಲಸಕ್ಕೆ ಇಳಿದದ್ದು ಕೇರಳದ ಪರವೂರಿನಲ್ಲಿ, 1982ರ ಮೇ 19ರಂದು, 50 ಮತಗಟ್ಟೆಗಳಲ್ಲಿ. ಸೋತ ಅಭ್ಯರ್ಥಿ ಎ.ಸಿ. ಜೋಸ್ ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ತಳ್ಳಿಹಾಕಿತು. ಅಲ್ಲಿ ಮತ್ತೆ ಮತಪತ್ರದಲ್ಲಿ ಮತದಾನ ನಡೆದಾಗ ಗೆದ್ದವರು ಅದೇ ಜೋಸ್! ಕಾನೂನು ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ. 1989-90ರಲ್ಲಿ ಒಂದಕ್ಕೆ ಸುಮಾರು 5,500 ರೂಪಾಯಿಯಂತೆ ಕೊಂಡ ಯಂತ್ರಗಳನ್ನು ವಿಧಾನಸಭಾ ಚುನಾವಣೆಗೆ ತಂದದ್ದು 1998ರ ನವೆಂಬರಿನಲ್ಲಿ, ಅದೂ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ 16 ಕ್ಷೇತ್ರಗಳಿಗೆ ಮಾತ್ರ.

ಇದರ ಗಟ್ಟಿತನ ಬರೀ ಪೆಟ್ಟಿಗೆಯದ್ದಲ್ಲ. ಮತ ಒತ್ತುವ ಬ್ಯಾಲೆಟ್ ಯೂನಿಟ್ಟಿನಿಂದ ಅಧಿಕಾರಿಯ ಕಂಟ್ರೋಲ್ ಯೂನಿಟ್ಟಿಗೆ 5 ಮೀಟರ್ ವೈರು, ಅಷ್ಟೇ. ಇಂಟರ್‌ನೆಟ್ ಇಲ್ಲ, ಸಿಮ್ ಇಲ್ಲ. ಬ್ಯಾಟರಿಯಲ್ಲೇ ನಡೆಯುತ್ತದೆ. ಚಿಪ್ಪಿನಲ್ಲಿ ಒಮ್ಮೆ ಬರೆದ ಪ್ರೋಗ್ರಾಂ ಅಳಿಸಿ ಬರೆಯಲು ಬರುವುದಿಲ್ಲ. ಪ್ರತಿ ಮತದಾರನಿಗೂ ಅಧಿಕಾರಿ ಗುಂಡಿ ಒತ್ತಿ ಅವಕಾಶ ಕೊಡಬೇಕು; ಒಂದು ಮತ ಬಿದ್ದ ಕೂಡಲೇ ಯಂತ್ರ ಬೀಗ ಹಾಕಿಕೊಳ್ಳುತ್ತದೆ. ಕಟ್ಟುಗಟ್ಟಲೆ ಮತಪತ್ರ ಕಿತ್ತುಕೊಂಡು ಠಸ್ಸೆ ಒತ್ತುವ ಆಟ ಇದರಲ್ಲಿ ನಡೆಯದು. ಮುಗಿದ ಮೇಲೆ 'ಕ್ಲೋಸ್' ಒತ್ತಿದರೆ ಮುಗಿಯಿತು, ಬ್ಯಾಟರಿ ತೆಗೆದರೂ ಲೆಕ್ಕ ಒಳಗೇ ಇರುತ್ತದೆ.

2004 ಬಿಇಎಲ್‌ಗೆ ವಿಚಿತ್ರ ವರ್ಷ. ಮಾರ್ಚಿನಲ್ಲಿ ಇನ್ನೊಂದು ಕಂಪ್ಯೂಟರ್ ಮಾರುಕಟ್ಟೆಗೆ ಬಂತು, ಹೆಸರು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯ ಜೊತೆ ಸೇರಿ ಹಳ್ಳಿಯವರಿಗೆಂದೇ ಯೋಚಿಸಿದ್ದ ಯಂತ್ರ ಅದು. ಅಂಗೈಯಷ್ಟು ಗಾತ್ರ, ಮುಟ್ಟಿದರೆ ಓಡುವ ಪರದೆ, ಬರಹವನ್ನು ಕನ್ನಡದಲ್ಲಿ ಓದಿ ಹೇಳಿಸುವ ಆಸೆ. ಬೆಲೆ 9,950 ರೂಪಾಯಿಯಿಂದ ಶುರು. ಶಿರಾದ ಕಡಲೆಕಾಯಿ ಬೆಳೆಗಾರ ಆ ವರ್ಷ ಅಷ್ಟು ದುಡ್ಡು ಎಲ್ಲಿಂದ ತರಬೇಕಿತ್ತು? ಮಾರಾಟವಾದದ್ದು ಕೆಲವೇ ಸಾವಿರ. ಆಮೇಲೆ ಮೊಬೈಲ್ ಬಂದು ಅದನ್ನು ಮರೆಸಿಬಿಟ್ಟಿತು. ನೀವು ಈಗ ಇದನ್ನು ಓದುತ್ತಿರುವುದು ಅದರ ಹೊರದೇಶದ ದಾಯಾದಿಯ ಮೇಲೆ.

ಅದೇ 2004ರ ಏಪ್ರಿಲ್-ಮೇನಲ್ಲಿ ಲೋಕಸಭೆಯ 543 ಕ್ಷೇತ್ರಗಳಲ್ಲೂ ಮತಯಂತ್ರ ಬಂತು. ಎಲ್ಲ ಕೆಲಸ ಮಾಡಬೇಕಿದ್ದ ಯಂತ್ರ ನಮ್ಮ ಮನೆಗೆ ಬರಲಿಲ್ಲ, ಒಂದೇ ಕೆಲಸ ಬಲ್ಲ ಯಂತ್ರ ನಮ್ಮೂರ ಶಾಲೆಗೆ ಬಂತು.

ಪೆಟ್ಟಿಗೆ ಗಟ್ಟಿ, ನಂಬಿಕೆ? 2010ರಲ್ಲಿ ಹೈದರಾಬಾದಿನ ತಂತ್ರಜ್ಞ ಹರಿಪ್ರಸಾದ್ ಮತ್ತು ಹೊರದೇಶದ ಇಬ್ಬರು ತಜ್ಞರು, ಯಂತ್ರ ಕೈಗೆ ಸಿಕ್ಕಿದರೆ ಒಳಗಿನ ಭಾಗ ಬದಲಿಸಿ ಫಲಿತಾಂಶ ತಿರುಚಬಹುದು ಎಂದು ತೋರಿಸಿದರು. ಕಾವಲಿನಲ್ಲಿರುವ ಯಂತ್ರ ಹಾಗೆ ಯಾರ ಕೈಗೂ ಸಿಗುವುದಿಲ್ಲ ಎಂಬುದು ಆಯೋಗದ ವಾದ. ನಮಗೆ ಎರಡೂ ಮಾತು ನಿಜ ಅನ್ನಿಸುತ್ತದೆ. ಅದಕ್ಕೇ ಸ್ಟ್ರಾಂಗ್ ರೂಮಿನ ಬೀಗ, ಅರಗಿನ ಮುದ್ರೆ, ಬೆಳಿಗ್ಗೆ ಏಜೆಂಟರ ಎದುರು ಹಾಕಿಸುವ ಅಣಕು ಮತದಾನ ಇವೆಲ್ಲ ಯಂತ್ರದಷ್ಟೇ ಮುಖ್ಯ. ಬೆಳಿಗ್ಗೆ ಬೇಗ ಎದ್ದು ಹೋಗದ ಏಜೆಂಟ್ ಸಂಜೆ ಯಂತ್ರವನ್ನು ಬೈಯುವುದನ್ನು ನಾವು ನೋಡಿದ್ದೇವೆ.

2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಯಂತ್ರದ ಪಕ್ಕಕ್ಕೆ ವಿವಿಪ್ಯಾಟ್ ಹಂತಹಂತವಾಗಿ ಬಂತು. ನೀವು ಒತ್ತಿದ ಚಿಹ್ನೆಯ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಂಡು ಕೆಳಗೆ ಬೀಳುತ್ತದೆ. ಬೀಪ್ ಕೇಳಿದ ಕೂಡಲೇ ತಿರುಗಿ ಹೊರಡಬೇಡಿ, ನಿಂತು ನೋಡಿ. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿ ಎಣಿಸಿ ತಾಳೆ ನೋಡುತ್ತಾರೆ.

ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ಒಪ್ಪದೆ ತೀರ್ಪು ಕೊಟ್ಟದ್ದು 2024ರ ಏಪ್ರಿಲ್ 26ರಂದು. ಅವತ್ತೇ ನಮ್ಮಲ್ಲಿ ಲೋಕಸಭೆಯ ಮತದಾನ. ಮತಗಟ್ಟೆಯ ಹೊರಗೆ ಹುಣಸೆಮರದ ನೆರಳಲ್ಲಿ ನಿಂತು ಆ ಸುದ್ದಿಯನ್ನು ಮೊಬೈಲಿನಲ್ಲಿ ಓದಿದೆವು. ಒಳಗೆ ಬೀಪ್ ಕೇಳುತ್ತಲೇ ಇತ್ತು. ಆಮೇಲೆ ಶಿರಾ, ಪಾವಗಡದ ಪೆಟ್ಟಿಗೆಗಳು ಚಿತ್ರದುರ್ಗದ ಕಡೆಗೆ ಹೊರಟವು, ಮಧುಗಿರಿ, ಕೊರಟಗೆರೆಯವು ತುಮಕೂರಿನ ಕಡೆಗೆ.